ಮೂರನೆಯ ದಿನದ ಹಾಲು ತುಪ್ಪ

ಊರಿಗೆ ವಾಪಸು ಬಂದ ದಿನ ಜನ ಮೊದಲು ಕೇಳಿದ್ದು ನನ್ನ ಬೆನ್ನಿನ ವಿಚಾರವಲ್ಲ. "ಕುಲ ಗಿಲ ಬುಡ್ಲಿಲ್ಲ ತಾನೆ?" ಎಂದು ಕೇಳಿದರು. ಹಾಗಾಗಿ ಮೊದಲು ಅದಕ್ಕೇ ಉತ್ತರ ಕೊಟ್ಟುಬಿಡುತ್ತೇನೆ. ಬಿಟ್ಟಿಲ್ಲ. ಕ್ರೈಸ್ತರ ಆಸ್ಪತ್ರೆಯ ಜಗಲಿಯಲ್ಲಿ ಹದಿನಾರು ತಿಂಗಳು ಅಂಗಾತ ಮಲಗಿದ್ದೆ. ಅವರ ಗಂಟೆ ಕೇಳಿದೆ, ಕೊನೆಗೊಂದು ದಿನ ಅವರ ಬ್ರೆಡ್ಡೂ ತಿಂದೆ, ಅವರ ದೇವರು ಸತ್ತು ಮೂರನೆಯ ದಿನಕ್ಕೆ ಎದ್ದ ಎಂಬ ಮಾತಿನ ಮೇಲೆ ನನಗೆ ತಿಳಿದ ಅಷ್ಟೂ ವಾದ ಹೂಡಿದೆ. ಹೋದಾಗ ಹೇಗೆ ನಂಬದವನಾಗಿದ್ದೆನೋ ಬಂದಾಗಲೂ ಹಾಗೇ ಇದ್ದೆ. ಆದರೆ ಅಲ್ಲಿ ಒಬ್ಬ ಮನುಷ್ಯ ತನ್ನ ಸಾವಿಗೆ ನನ್ನನ್ನೇ ಸಾಕ್ಷಿಯಾಗಿ ಗೊತ್ತುಮಾಡಿದ. ನಂಬುವವರು ಅಷ್ಟು ಜನ ಇರುವಾಗ ನಂಬದವನನ್ನು ಯಾಕೆ ಆರಿಸಿದ, ನಾನು ಆ ಸಾಕ್ಷಿಯನ್ನು ಹೇಗೆ ಹೇಳಿದೆ ಎಂಬುದೇ ಈ ಬರಹ. ಈಗ ಎಲ್ಲೋ ಒಂದು ಕಡೆ ಮಲಗಿ ಸೂರಿನ ಹೆಂಚು ಎಣಿಸುತ್ತಿರುವವರು ಇದನ್ನು ಓದಿದರೆ ಸಂತೋಷ. ನಾನು ಮುನ್ನೂರ ಹನ್ನೆರಡು ಎಣಿಸಿದ್ದೆ. ಒಡೆದವು ಏಳು.

ನಮ್ಮದು ದುದ್ದ ಹೋಬಳಿಯ ಒಂದು ಹಳ್ಳಿ. ಮಂಡ್ಯದಲ್ಲಿ ಹೈಸ್ಕೂಲು ಮುಗಿಸಿ ಮೈಸೂರಿಗೆ ಇಂಟರ್‌ಮೀಡಿಯೆಟ್ ಓದಲು ಹೋಗಿದ್ದೆ. ಓದಿದ್ದಕ್ಕಿಂತ ಚರ್ಚಾಕೂಟದಲ್ಲಿ ನಿಂತು ಮಾತಾಡಿದ್ದೇ ಹೆಚ್ಚು. ಯಾವ ಪಕ್ಷ ಕೊಟ್ಟರೂ ಗೆಲ್ಲುತ್ತಿದ್ದೆ. ಯುದ್ಧ ನಡೆಯುತ್ತಿದ್ದ ಕಾಲ. ಒಂದು ಸಂಜೆ ಪರಮಾತ್ಮನಿಲ್ಲದೆ ನೀತಿ ಸಾಧ್ಯ ಎಂದು ವಾದಿಸುತ್ತಿದ್ದಾಗ ನಡುಬೆನ್ನಿನಲ್ಲಿ ಯಾರೋ ಮೊಳೆ ಹೊಡೆದ ಹಾಗಾಯಿತು. ಮೇಜು ಹಿಡಿದು ನಿಂತೆ, ಮಾತು ನಿಂತಿತು, ಸೋತೆ. ಎದುರು ಪಕ್ಷದವನು ಇಳಿದು ಬಂದು, "ಮೇಲಿರೋನು ಕೇಳಿಸ್ಕೊಂಡ ಅಂತ ಕಾಣುತ್ತೆ," ಎಂದು ನಕ್ಕ. ನಾನೂ ನಕ್ಕೆ. ಆ ನಗುವಿನಲ್ಲಿ ನನಗೆ ಬೆನ್ನು ಇನ್ನೂ ನೋಯಿತು.

ಆಮೇಲೆ ಎಣ್ಣೆ ತಿಕ್ಕಿಸಿದ್ದು, ಪಟ್ಟು ಹಾಕಿಸಿದ್ದು, ಮುತ್ತತ್ತಿಯ ದೇವರಿಗೆ ಹರಕೆ ಕಟ್ಟಿಕೊಂಡದ್ದು ಎಲ್ಲ ಆಯಿತು. ಹರಕೆ ಅವ್ವನದು, ನನ್ನದಲ್ಲ. ಕೊನೆಗೆ ಮೈಸೂರಿನ ದೊಡ್ಡ ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿನಿಂದ ಮೂರು ಗಂಟೆಯವರೆಗೆ ಕೂತೆವು. ಆ ಬೆಂಚಿನ ತುದಿಯಲ್ಲಿ ಒಂದು ಹಲಗೆ ಸಡಿಲವಾಗಿತ್ತು. ಒಬ್ಬರು ಎದ್ದರೆ ಉಳಿದವರೆಲ್ಲ ಜೋಲಿ ಹೊಡೆಯುತ್ತಿದ್ದರು. ಪ್ರತಿ ಸಲವೂ ಅವ್ವ ನನ್ನ ಬೆನ್ನಿನ ಹಿಂದೆ ಕೈ ಕೊಡುತ್ತಿದ್ದಳು. ಒಳಗೆ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿ, ಬೆನ್ನುಮೂಳೆಯ ಕ್ಷಯ, ಎರಡು ಮಣಿ ತಿಂದುಹೋಗಿವೆ, ಪ್ಲಾಸ್ಟರಿನ ತೊಟ್ಟಿಯಲ್ಲಿ ವರ್ಷದ ಮೇಲೆ ಅಲ್ಲಾಡದೆ ಮಲಗಬೇಕು ಎಂದರು.

"ಮಲಗುದ್ರೆ ಎದ್ದು ಓಡಾಡ್ತಾನಾ ಬುದ್ದಿ?" ಅವ್ವ ಕೇಳಿದಳು.

"ನೋಡೋಣ," ಎಂದರು.

ಎದುರಾಳಿ ನೋಡೋಣ ಎಂದರೆ ಅವನ ಹತ್ತಿರ ಉತ್ತರವಿಲ್ಲ ಎಂದೇ ಅರ್ಥ. ಚರ್ಚಾಕೂಟದಲ್ಲಿ ನಾನು ಕಲಿತ ಮೊದಲ ಪಾಠ ಅದು.

ಮೈಸೂರಿನಲ್ಲಿ ಅಷ್ಟು ದಿನಕ್ಕೆ ಹಾಸಿಗೆ ಸಿಗಲಿಲ್ಲ. ಮದ್ದೂರು ದಾಟಿ ಮಳವಳ್ಳಿ ರಸ್ತೆಯಲ್ಲಿ ಕನ್ಯಾಸ್ತ್ರೀಯರು ನಡೆಸುವ ಸಣ್ಣದೊಂದು ಆಸ್ಪತ್ರೆ ಇತ್ತು. ಅಲ್ಲಿ ಮೂಳೆ ಕ್ಷಯದವರಿಗೆಂದೇ ಒಂದು ಉದ್ದನೆಯ ಜಗಲಿ. ಅಪ್ಪ ಒಪ್ಪಲಿಲ್ಲ. "ಪ್ರಗ್ನೆ ಇಲ್ದಾಗ ತಲೆ ಮ್ಯಾಲೆ ನೀರಾಕಿ ಅವ್ರೋನ್ ಮಾಡ್ಕಬುಡ್ತಾರೆ," ಎಂದ. ಅವ್ವ, "ಅವ್ರೋನಾಗಿ ಓಡಾಡ್ಕಂಡಾದ್ರೂ ಇರ್ಲಿ," ಎಂದಳು. ಅಪ್ಪ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಷರತ್ತು ಹಾಕಿ ಒಪ್ಪಿದ: ಅಲ್ಲಿಯ ಅಡಿಗೆ ಮುಟ್ಟಬಾರದು, ಮದ್ದೂರಿನ ಹೋಟೆಲಿನಿಂದ ಕ್ಯಾರಿಯರು ಬರಬೇಕು. ನನ್ನನ್ನು ಅಲ್ಲಿ ಇಳಿಸಿ ಹೋದವನು ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ.

ಅಪ್ಪನ ಮಾತಿಗೆ ನಾನು ನಕ್ಕಿದ್ದೆನಾದರೂ ಅನುಮಾನ ನನಗೂ ಅಂಟಿತ್ತು. ಮಂಗಳೂರು ಕಡೆಯ ಒಬ್ಬ ಸಿಸ್ಟರು ದಿನಾ ಬೆಳಗ್ಗೆ ಬಂದು ಒದ್ದೆ ಬಟ್ಟೆಯಲ್ಲಿ ಮುಖ ಒರೆಸುತ್ತಿದ್ದರು. ಬಟ್ಟೆ ಹಣೆಗೆ ಬಂದಾಗಲೆಲ್ಲ ನಾನು ಅವರ ತುಟಿ ನೋಡುತ್ತಿದ್ದೆ, ಏನಾದರೂ ಪಠಿಸುತ್ತಿದ್ದಾರಾ ಎಂದು. ಒಂದು ದಿನ ನೇರವಾಗಿಯೇ ಕೇಳಿದೆ: "ನಾನು ಪ್ರಜ್ಞೆ ತಪ್ಪಿದಾಗ ನೀರು ಹಾಕ್ತೀರಾ?"

ಅವರು ಬಟ್ಟೆ ಹಿಂಡುತ್ತ, ತಮ್ಮ ಪುಸ್ತಕದ ಕನ್ನಡದಲ್ಲಿ, "ಹಾಕಿದರೆ ನೀವು ಎಚ್ಚರವಾದ ಮೇಲೆ ಸ್ವರ್ಗದ ಬಾಗಿಲಿನಲ್ಲೂ ವಾದಕ್ಕೆ ನಿಲ್ಲುವಿರಿ. ಅಲ್ಲಿ ಉಳಿದವರಿಗೆ ತೊಂದರೆ," ಎಂದರು.

ಉತ್ತರ ಚೆನ್ನಾಗಿತ್ತು. ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

ಪಕ್ಕದ ಮಂಚ ಇನ್ನಾಸಪ್ಪನದು; ಜಗಲಿಯ ಆ ತುದಿಯಲ್ಲಿ ನಾವಿಬ್ಬರೇ. ಜಲಪಾತದ ಹತ್ತಿರದ ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಇಪ್ಪತ್ತೈದು ವರ್ಷ ಯಂತ್ರಗಳಿಗೆ ಎಣ್ಣೆ ಹಾಕಿದ ಮನುಷ್ಯ. ವಯಸ್ಸು ಐವತ್ತರ ಆಸುಪಾಸು, ಹೆಂಡತಿ ತೀರಿಕೊಂಡಿದ್ದಳು, ಒಬ್ಬನೇ ಮಗ ಚೌರಪ್ಪ ಪಟಾಲಮ್ಮು ಸೇರಿ ಬರ್ಮಾ ಕಡೆ ಯುದ್ಧಕ್ಕೆ ಹೋಗಿದ್ದ, ಕಾಗದ ನಿಂತು ಬಹಳ ದಿನವಾಗಿತ್ತು. ನನ್ನದೇ ಕಾಯಿಲೆ, ಆದರೆ ನನಗಿಂತ ಬಹಳ ಮುಂದೆ ಹೋಗಿತ್ತು. ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಬೆನ್ನಿನಲ್ಲಿ ಕೀವು. ಮೊದಲ ದಿನವೇ ಅಪ್ಪ ಅವನನ್ನು, ಈ ಧರ್ಮಕ್ಕೆ ಬರುವ ಮೊದಲು ನಿಮ್ಮದು ಯಾವ ಜನ ಎಂದು ಕೇಳಿದ್ದ. "ನಮ್ ತಾತನ ಕಾಲ್ದಲ್ಲೇ ಮರ್ತೋಯ್ತು ಗೌಡ್ರೆ," ಎಂದಿದ್ದ ಇನ್ನಾಸಪ್ಪ.

ನನಗೆ ಮೊದಲ ಉಪಕಾರ ಅವನಿಂದಲೇ ಬಂತು. ನಾನು ಹೆಂಚು ಎಣಿಸುವುದನ್ನು ಕೇಳಿ ಕೇಳಿ ಬೇಸತ್ತು, ತನ್ನ ಕ್ಷೌರದ ಕನ್ನಡಿಯನ್ನು ತಂತಿಯಲ್ಲಿ ಸುತ್ತಿ, ಮಲಗಿದ ಕಡೆಯಿಂದಲೇ ನನ್ನ ಮಂಚದ ಸರಳಿಗೆ ಕಟ್ಟಿಸಿದ. ಎಷ್ಟು ಬಗ್ಗಿಸಬೇಕು ಎಂದು ಸಿಸ್ಟರಿಗೆ ಹೇಳಿ ಹೇಳಿ ಅರ್ಧ ಗಂಟೆ ತಿದ್ದಿಸಿದ. ನನ್ನ ಪಾಲಿಗೆ ಲೋಕ ಮತ್ತೆ ಶುರುವಾಯಿತು. ಅಂಗೈ ಅಗಲದ ಲೋಕ: ಗೇಟು, ಹುಣಸೇಮರ, ಇದ್ದಿಲ ಹೊಗೆ ಬಿಡುತ್ತ ಏದುಸಿರಿನಲ್ಲಿ ಹೋಗುವ ಮಳವಳ್ಳಿ ಬಸ್ಸು, ಒಂದು ಬದಿಗೆ ಅವರ ಗುಡಿ, ಗುಡಿಯ ಪಕ್ಕದಿಂದ ಹಿಂದಿನ ಸಮಾಧಿಗಳಿಗೆ ಹೋಗುವ ಕಾಲುದಾರಿ. ಮೇಲೆ ಬ್ಲಫ್‌ನಿಂದ ಬರುವ ಕರೆಂಟಿನ ತಂತಿ.

"ಏನು ಪ್ರತಿಫಲ ಬೇಕು ಇದಕ್ಕೆ?" ಎಂದೆ. ನನಗೆ ಆಗ ಯಾರ ಒಳ್ಳೆಯತನವೂ ಗಾಳದ ಹಾಗೇ ಕಾಣುತ್ತಿತ್ತು.

"ಎಣಿಸೋದ್ ನಿಲ್ಸು ಲಾಯರಪ್ಪ. ನಂಗೆ ನಿದ್ದೆ ಬೇಕು."

ಹೀಗೆ ನಮ್ಮ ವಾದ ಶುರುವಾಯಿತು. ತಿಂಗಳುಗಟ್ಟಲೆ ನಡೆಯಿತು. ನಾನು ಕೆಣಕುತ್ತಿದ್ದೆ, ಅವನು ಉತ್ತರ ಕೊಡುತ್ತಿದ್ದ, ಕೆಲವು ಸಲ ಕೊಡದೆ ನಿದ್ದೆ ಹೋಗುತ್ತಿದ್ದ. ನಿಮ್ಮ ದೇವರು ಸತ್ತು ಎದ್ದದ್ದನ್ನು ಕಂಡವರು ಯಾರು ಎಂದೆ. ಏಳುವಾಗ ಯಾರೂ ನೋಡಲಿಲ್ಲ ಎಂದ. ಮತ್ತೆ? ಮೂರನೆಯ ದಿನ ಹೆಂಗಸರು ಸಮಾಧಿಗೆ ಹೋದರು, ಬಾಗಿಲಿನ ಕಲ್ಲು ಸರಿದಿತ್ತು, ಒಳಗೆ ಬರಿದಾಗಿತ್ತು. ನಾನು ಹಿಡಿದುಕೊಂಡೆ: "ಬರಿದಾಗಿದ್ದರೆ ಬರಿದಾಗಿತ್ತು ಅಂತ ಮಾತ್ರ ಆಯ್ತು. ಕಳ್ಳರು ಹೊತ್ತಿರಬಹುದು, ಸಮಾಧಿಯೇ ತಪ್ಪಿರಬಹುದು. ಖಾಲಿ ಜಾಗ ಯಾವುದಕ್ಕೂ ಸಾಕ್ಷಿಯಲ್ಲ."

"ಅಲ್ಲ," ಎಂದ. ಅಷ್ಟು ಬೇಗ ಒಪ್ಪಿದ್ದು ನನಗೆ ಸರಿಕಾಣಲಿಲ್ಲ.

ಆ ದಿನ ಅವ್ವ ಬಂದಿದ್ದಳು. ತಿಂಗಳಿಗೊಮ್ಮೆ ಬರುತ್ತಿದ್ದಳು. ನನ್ನ ಕಾಲು ಒತ್ತುತ್ತ ಕೇಳಿಸಿಕೊಳ್ಳುತ್ತಿದ್ದವಳು, "ಮೂರ್ನೆ ದಿನ ಹೆಂಗುಸ್ರು ಏನ್ ತಕ್ಕಂಡೋಗಿದ್ರಣ್ಣ?" ಎಂದಳು.

"ಸುಗಂಧದೆಣ್ಣೆ ಕಣಮ್ಮ. ಹೆಣಕ್ಕೆ ಹಚ್ಚಾಕೆ."

"ನಮ್ಮಲ್ಲಿ ಹಾಲು ತುಪ್ಪ ಬುಟ್ಟಂಗೆ." ನಮ್ಮವರು ಹೂಳುವವರು. ಮಣ್ಣು ಮಾಡಿದ ಮೂರನೆಯ ದಿನ ಸಮಾಧಿಯ ತಲೆ ಕಡೆ ಹಾಲು ತುಪ್ಪ ಬಿಟ್ಟು, ಎಡೆ ಇಟ್ಟು ಬರುತ್ತಾರೆ. ಅವ್ವ ಸ್ವಲ್ಪ ಯೋಚಿಸಿ, "ಕಲ್ಲು ಯಾರ್ ಸರುಸ್ತಾರೆ ಅಂತ ಗೊತ್ತಿತ್ತಾ ಅವ್ರಿಗೆ?" ಎಂದಳು.

"ಇಲ್ಲ ಕಣಮ್ಮ. ಹೋಗ್ತಾ ದಾರೀಲಿ ಅದೇ ಯೋಚ್ನೆ ಮಾಡ್ಕಂಡೋದ್ರಂತೆ."

"ಗೊತ್ತಿಲ್ದೇನೆ ಹೊಂಟ್ರು," ಎಂದು ಅವ್ವ ನನ್ನ ಕಡೆ ತಿರುಗಿದಳು. ಇಡೀ ಕತೆಯಲ್ಲಿ ಅವಳಿಗೆ ಹಿಡಿಸಿದ್ದು ಅದೊಂದೇ. ಎದ್ದನೋ ಬಿಟ್ಟನೋ ಅವಳು ಕೇಳಲಿಲ್ಲ.

ಎದ್ದವನು ಏನು ಮಾಡಿದ ಎಂದು ಕೇಳಿದ್ದು ನಾನು. ತಿನ್ನಲು ಏನಿದೆ ಎಂದು ಕೇಳಿದನಂತೆ, ಸುಟ್ಟ ಮೀನು ತಿಂದನಂತೆ. ಕತೆ ಕಟ್ಟಿದವರು ದೆವ್ವವಲ್ಲ ಎಂದು ತೋರಿಸಲು ಆಮೇಲೆ ಸೇರಿಸಿದ್ದು ಎಂದೆ. ಶಿಲುಬೆಗೆ ಹೊಡೆದ ಮೊಳೆಯ ತೂತು ಕೈಕಾಲಿನಲ್ಲಿ ಹಾಗೇ ಇತ್ತಂತೆ. ಅದು ಸಿಕ್ಕಿತು ನನಗೆ. "ಸಾವನ್ನೇ ಗೆದ್ದವನಿಗೆ ನಾಲ್ಕು ತೂತು ಮುಚ್ಚಿಕೊಳ್ಳೋಕೆ ಆಗಲಿಲ್ವಾ?"

ಇನ್ನಾಸಪ್ಪ, "ತೂತ್ ಮುಚ್ಕಂಡು ಎದ್ದಿದ್ರೆ ನಾನ್ ನಂಬ್ತಿರ್ನಿಲ್ಲ ಕಣಪ್ಪ," ಎಂದ. "ನುಣ್ಣುಗೆ ಎದ್ದೋನ್ಗೂ ನಂಗೂ ಏನ್ ಸಂಬಂಧ? ನನ್ ಬೆನ್ ನೋಡಿದ್ಯಲ್ಲ."

ನಾನು ನೋಡಿರಲಿಲ್ಲ. ತಲೆ ತಿರುಗಿಸಲಾರೆ. ವಾಸನೆ ಮಾತ್ರ ಗೊತ್ತಿತ್ತು.

ಬೇಸಗೆ ಬಂತು. ಅವರ ಉಪವಾಸದ ದಿನಗಳು ಬಂದವು. ಇನ್ನಾಸಪ್ಪನಿಗೆ ದಿನಾ ಜ್ವರ ಏರತೊಡಗಿತು. ತಾನು ಉಳಿಯುವುದಿಲ್ಲ ಎಂದು ಅವನಿಗೆ ತಿಳಿಯಿತು, ಯಾರೂ ಹೇಳಿದ್ದಲ್ಲ. ಉಪವಾಸದ ಕೊನೆಯ ವಾರದ ಬುಧವಾರ ನನ್ನನ್ನು ಕರೆದ.

"ಲಾಯರಪ್ಪ, ನನ್ ಮಗ ಬತ್ತಾನೆ. ಇವತ್ತಲ್ದಿದ್ರೆ ನಾಳೆ. ಅಪ್ಪ ಹೆಂಗ್ ಹೋದ ಅಂತ ಕೇಳ್ತಾನೆ. ನೀನೇ ಹೇಳ್ಬೇಕು."

"ನಾನ್ಯಾಕೆ? ಸಿಸ್ಟರಿದ್ದಾರೆ, ನಿಮ್ಮ ಸ್ವಾಮಿಗಳಿದ್ದಾರೆ."

"ಅವ್ರು ಯಾರ್ ಸತ್ರೂ ಸಮಾಧಾನ್ವಾಗಿ ಹೋದ ಅಂತ್ಲೇ ಹೇಳ್ತಾರೆ. ಅವ್ನು ನಂಬಾಕಿಲ್ಲ. ನೀನು ಯಾರನ್ನೂ ನಂಬೋನಲ್ಲ. ನಿನ್ ಮಾತ್ ನಂಬ್ತಾನೆ. ಇದ್ದಂಗೆ ಹೇಳು. ಗಂಟೆ ಹೊಡುದ್ರಾ ಅಂತ್ಲೂ ಕೇಳ್ತಾನೆ."

ಅವರಲ್ಲಿ ಯಾರಾದರೂ ಹೋದರೆ ಗುಡಿಯ ಗಂಟೆ ಬಿಟ್ಟು ಬಿಟ್ಟು ಹೊಡೆಯುತ್ತಾರೆ. ರಸ್ತೆಯಲ್ಲಿ ಹೋಗುವವರು ನಿಂತು, ಯಾರಂತೆ ಎನ್ನುತ್ತಾರೆ. ಇನ್ನಾಸಪ್ಪನಿಗೆ ಆ ಕೇಳುವಿಕೆ ಬೇಕಾಗಿತ್ತು. ಇಪ್ಪತ್ತೈದು ವರ್ಷ ತಾನು ಎಣ್ಣೆ ಹಾಕಿದ ಕರೆಂಟು ಊರೂರಿಗೆ ಹೋಯಿತು, ಯಾರಿಂದ ಅಂತ ಒಬ್ಬರೂ ಕೇಳಲಿಲ್ಲ, ಹೋಗುವಾಗಲಾದರೂ ಒಂದು ಸಲ ಕೇಳಲಿ ಎನ್ನುತ್ತಿದ್ದ. ತೊಂದರೆಯೆಂದರೆ, ಆ ವಾರ ಗುರುವಾರ ಪೂಜೆಯಾದ ಮೇಲೆ ಶನಿವಾರದವರೆಗೆ ಗಂಟೆ ಮುಟ್ಟುವ ಪದ್ಧತಿ ಅವರಲ್ಲಿಲ್ಲ. ಅವರ ದೇವರು ಸತ್ತ ದಿನಗಳು. ಅದರ ಬದಲು ಮರದ ಒಂದು ಗಿಲಕೆ ತಿರುಗಿಸುತ್ತಾರೆ, ಕಟಕಟ ಎನ್ನುತ್ತದೆ. ಔಷಧಿಯ ಹೊತ್ತಿಗೂ ಅದೇ, ಊಟದ ಹೊತ್ತಿಗೂ ಅದೇ.

ಗುರುವಾರ ಸಂಜೆ ಆ ಗಿಲಕೆ ಮೊದಲ ಸಲ ಕೇಳಿದಾಗ ಇನ್ನಾಸಪ್ಪ, "ಹೆದ್ರಿಕೆ ಆಯ್ತದೆ ಕಣಪ್ಪ," ಎಂದ.

ನನ್ನ ಅಭ್ಯಾಸ ನನ್ನನ್ನು ಬಿಡಲಿಲ್ಲ. ಸಾಯುವವನ ಮಾತಿನಲ್ಲೂ ಬಿರುಕು ಹುಡುಕಿದೆ. "ಎದ್ದು ಬರ್ತೀನಿ ಅಂತ ನಂಬಿದೋನಿಗೆ ಹೆದರಿಕೆ ಯಾಕೆ ಇನ್ನಾಸಣ್ಣ? ಹಾಗಾದ್ರೆ ನಂಬಿಲ್ಲ ಅಂತಾಯ್ತು."

"ಅವ್ನೂ ಹೆದ್ರಿದ್ದ," ಎಂದ. "ಸಾಯೋ ಹಿಂದ್ಲ ದಿನ, ಇದೇ ಗುರುವಾರ, ಬೆವುತೋಗಿದ್ದ. ಬ್ಯಾಡ ಅಂದ. ಬುಡ್ಸು ಅಂತ ಕೇಳ್ಕಂಡ. ಹೆದ್ರಿಕೇನೇ ಇಲ್ದೋನು ಯಾವನೋ ಎದ್ದು ಬಂದ ಅಂದ್ರೆ ಅದು ಅವನ್ ದೊಡ್ಡಸ್ತಿಕೆ. ನನ್ನಂಗೆ ಹೆದ್ರಿದೋನು ಎದ್ದ ಅಂದ್ರೆ, ಹೆದ್ರಿಕೆ ಇದ್ರೂ ಏಳಬೌದು ಅಂತ."

ಅವನನ್ನು ಇನ್ನಾಸಣ್ಣ ಎಂದು ನಾನು ಕರೆದದ್ದು ಆ ದಿನವೇ ಮೊದಲು. ಅವನು ಗಮನಿಸಿದನೋ ಇಲ್ಲವೋ. ನನ್ನ ಹತ್ತಿರ ಮರುವಾದವಿತ್ತು. ಬೆಳಗ್ಗೆ ಹೇಳೋಣ ಎಂದುಕೊಂಡೆ.

ಶುಕ್ರವಾರ ಮಂಡ್ಯದಿಂದ ಡಾಕ್ಟರು ಬರುವ ದಿನ. ಅವರು ಕ್ರೈಸ್ತರಲ್ಲ, ಹಬ್ಬವೆಂದು ತಪ್ಪಿಸುತ್ತಿರಲಿಲ್ಲ. ನನ್ನ ಪ್ಲಾಸ್ಟರು ಸಡಿಲವಾಗಿದೆಯೆಂದು ಬೆಳಗ್ಗೆಯೇ ನನ್ನನ್ನು ಹಿಂದಿನ ಕೋಣೆಗೆ ಒಯ್ದು, ಹಳೆಯದು ಒಡೆದು ಹೊಸದು ಹಾಕಿದರು. ಒಣಗುವವರೆಗೆ ಅಲ್ಲೇ ಇರಬೇಕು. ಕತ್ತಲಾದ ಮೇಲೆ ನನ್ನನ್ನು ಜಗಲಿಗೆ ತಂದಾಗ ಪಕ್ಕದಿಂದ ಉಸಿರು ಕೇಳಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಹೋದ ಎಂದರು. ಬಿಸಿಲ ಕಾಲ, ಇಡುವ ಹಾಗಿರಲಿಲ್ಲ, ಸಂಜೆಯೇ ಗುಡಿಯ ಹಿಂದೆ ಮಣ್ಣು ಮಾಡಿದ್ದರು. ಗಂಟೆಯಿಲ್ಲದೆ.

"ಕೊನೆಗೆ ಏನಂದ?" ಎಂದು ಸಿಸ್ಟರನ್ನು ಕೇಳಿದೆ.

"ನಾನು ಇರಲಿಲ್ಲ. ನಿಮ್ಮ ಪ್ಲಾಸ್ಟರಿಗೆ ನೀರು ಹಿಡಿದಿದ್ದೆ."

"ಬೇರೆ ಯಾರಿದ್ದರು?"

"ಯಾರೂ ಇರಲಿಲ್ಲ."

ಸಮಾಧಾನವಾಗಿ ಹೋದರು ಎನ್ನಲಿಲ್ಲ ಅವರು. ಆ ಹೆಂಗಸಿನ ಮೇಲೆ ನನಗಿದ್ದ ಅನುಮಾನ ಅರ್ಧ ಕಳೆದದ್ದು ಆಗ. ಆದರೆ ಸಾಕ್ಷಿಯೆಂದು ಅವನು ಗೊತ್ತುಮಾಡಿದ್ದು ನನ್ನನ್ನು, ನಾನು ಏನೂ ಕಂಡಿರಲಿಲ್ಲ. ಶನಿವಾರ ಹೊತ್ತೇರಿದ ಮೇಲೆ ಗುಡಿಯಲ್ಲಿ ಗಂಟೆ ಮತ್ತೆ ಶುರುವಾಯಿತು. ಅವರ ದೇವರು ಎದ್ದನೆಂದು; ಹಬ್ಬ ಭಾನುವಾರವಾದರೂ ಗಂಟೆ ಹಿಂದಿನ ದಿನವೇ. ಬಿಡದೆ ಹೊಡೆದರು, ಬಹಳ ಹೊತ್ತು. ನಾನು ಕಿವಿ ಮುಚ್ಚಿಕೊಂಡೆ. ಒಂದು ದಿನ ತಡ ಮಾಡಿದ್ದರೆ ಅವನಿಗೂ ಸಿಗುತ್ತಿತ್ತು.

ಇಷ್ಟರಲ್ಲಿ ನನಗೆ ಗೊತ್ತಿಲ್ಲದೆ ಇನ್ನೊಂದು ನಡೆದಿತ್ತು. ನಮ್ಮ ದೊಡ್ಡಪ್ಪನ ಮಗ ಕೆಂಪಣ್ಣ ಶುಕ್ರವಾರ ಮದ್ದೂರಿಗೆ ಬೆಲ್ಲ ತಂದಿದ್ದ. ಮಧ್ಯಾಹ್ನ ನನ್ನನ್ನು ನೋಡಿಕೊಂಡು ಹೋಗೋಣವೆಂದು ಬಂದ. ಆ ಹೊತ್ತಿಗೆ ಆಸ್ಪತ್ರೆಯವರೆಲ್ಲ ಗುಡಿಯೊಳಗೆ. ನನ್ನ ಮಂಚ ಬರಿದು, ಹಾಸಿಗೆ ಸುತ್ತಿಟ್ಟಿದೆ, ಮೇಲೆ ನನ್ನ ಪುಸ್ತಕಗಳ ಕಟ್ಟು. ಮಂಚದ ಪಕ್ಕದಲ್ಲೇ ಗಾಲಿಮಂಚದ ಮೇಲೆ ಬಿಳಿ ಬಟ್ಟೆ ಹೊದಿಸಿದ ಹೆಣ. ಮುಸುಕು ಎತ್ತಲು ಅವನಿಗೆ ಕೈ ಬರಲಿಲ್ಲ. ಗೇಟಿನವನನ್ನು ಕೇಳಿದ. ಯಾರು ಎಂದು ಕೇಳಲಿಲ್ಲ, ಮಣ್ಣು ಯಾವಾಗ ಎಂದು ಕೇಳಿದ. "ಇವತ್ತೇ ಸಂಜೆ, ಇಲ್ಲೇ ನಮ್ಮ ಜಾಗದಲ್ಲಿ," ಎಂದನಂತೆ ಅವನು. ಕೆಂಪಣ್ಣ ಬೆಲ್ಲದ ಗಾಡಿ ಅಲ್ಲೇ ಬಿಟ್ಟು ಬಸ್ಸು ಹತ್ತಿ ಊರಿಗೆ ಓಡಿದ. ಖಾಲಿ ಜಾಗ ಯಾವುದಕ್ಕೂ ಸಾಕ್ಷಿಯಲ್ಲ ಎಂದು ಇಷ್ಟು ದಿನ ಸಾಧಿಸಿದವನು ನಾನು. ನನ್ನ ಖಾಲಿ ಮಂಚ ನಮ್ಮ ಮನೆಯಲ್ಲಿ ಪೂರ್ತಿ ಸಾಕ್ಷಿಯಾಯಿತು.

ಅಪ್ಪ ಸುದ್ದಿ ಕೇಳಿ ಗೋಡೆ ಕಡೆ ಮುಖ ಮಾಡಿ ಕೂತನಂತೆ. "ಅವ್ರ್ ಮಣ್ಣಿಗಾಕವ್ರೆ ಅಂದ್ಮೇಲೆ ಅವ್ನು ಅವ್ರೋನೆ. ನಾನ್ ಬರಾಕಿಲ್ಲ," ಎಂದನಂತೆ. ಶನಿವಾರವೆಲ್ಲ ಅದೇ ಆಯಿತು. ಭಾನುವಾರ ಬೆಳಗ್ಗೆ ಅವ್ವ ಯಾರನ್ನೂ ಕೇಳದೆ ಹಾಲು ಕರೆದು, ತುಪ್ಪ ಕಾಸಿ, ಎಡೆಯ ಗಂಟು ಕಟ್ಟಿಕೊಂಡು, ಕೆಂಪಣ್ಣನನ್ನು ಮುಂದೆ ಹಾಕಿಕೊಂಡು ಹೊರಟಳು. ಪರರ ಗುಡಿಯ ಹಿಂದಿನ ಜಾಗಕ್ಕೆ ತನ್ನನ್ನು ಯಾರು ಬಿಡುತ್ತಾರೆ ಎಂದು ಅವಳಿಗೂ ಗೊತ್ತಿರಲಿಲ್ಲ.

ನಾನು ಕನ್ನಡಿ ನೋಡುತ್ತಿದ್ದೆ. ಬಿಸಿಲು ಏರಿತ್ತು. ಗೇಟಿನಲ್ಲಿ ಕೆಂಪಣ್ಣ ನಿಂತ. ಅವ್ವ ಒಳಗೆ ಬಂದಳು, ಒಂದು ಕೈಯಲ್ಲಿ ಚೊಂಬು, ಕಂಕುಳಲ್ಲಿ ಗಂಟು. ಜಗಲಿಯ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಗುಡಿಯ ಪಕ್ಕದ ಕಾಲುದಾರಿ ಹಿಡಿದಳು. ಅವಳ ಕೈಯಲ್ಲಿದ್ದ ಚೊಂಬಿನ ಬಾಯಿಗೆ ಎಲೆ ಕಟ್ಟಿತ್ತು. ಅದು ಏನೆಂದು ನನಗೆ ತಿಳಿಯಿತು.

"ಅವ್ವಾ," ಎಂದು ಕೂಗಿದೆ.

ಅವಳು ನಿಂತಳು. ತಿರುಗಲಿಲ್ಲ. ಚಿಕ್ಕವನಿದ್ದಾಗ ನನಗೆ ಅವಳೇ ಹೇಳಿಕೊಟ್ಟಿದ್ದಳು: ಮಸಣದ ದಾರಿಯಲ್ಲಿ ಸತ್ತವರ ದನಿ ಹಿಂದಿನಿಂದ ಕೇಳಿದರೆ ತಿರುಗಬಾರದು, ತಿರುಗಿದರೆ ಹೋಗುವವರು ಹೋಗಲಾರರು.

"ನಾನು ಕಣವ್ವ, ಪುಟ್ಸಾಮಿ. ಸತ್ತಿಲ್ಲ."

ಅವಳು ಒಂದು ಹೆಜ್ಜೆ ಮುಂದಿಟ್ಟಳು.

"ಉಸಿರಾಡ್ತಾ ಇದೀನಿ. ಕನ್ನಡೀಲಿ ನಿನ್ನ ನೋಡ್ತಾ ಇದೀನಿ."

"ಹೋಗಪ್ಪ," ಎಂದಳು ಮುಂದೆ ನೋಡಿಕೊಂಡೇ. ದನಿ ಮಗುವಿಗೆ ಹೇಳಿದ ಹಾಗಿತ್ತು. "ಸುಮ್ಕೆ ಹೋಗು ಮಗ. ನಿಂಗೆ ಬೇಕಾದ್ದೆಲ್ಲ ತಂದಿವ್ನಿ."

ನಾನು ಎಷ್ಟು ಕೂಗಿದರೆ ಅಷ್ಟು ಸತ್ತವನಾಗುತ್ತಿದ್ದೆ. ಎದ್ದು ಓಡಲಾರೆ. ಬದುಕಿದ್ದೇನೆ ಎಂದು ಹೇಳುವುದೇ ದೆವ್ವದ ಲಕ್ಷಣವಾದ ಮೇಲೆ ಯಾವ ಪುರಾವೆ ಕೊಡುವುದು? ಇಡೀ ಜೀವನದಲ್ಲಿ ನಾನು ಅಷ್ಟು ಸೋತಿದ್ದಿಲ್ಲ. ಕೋಪ ಬಂತು. ಕೋಪ ಬಂದರೆ ನನಗೆ ಬರುವುದು ಒಂದೇ.

"ಯಾರವ್ವ ಹೇಳಿದ್ದು ನಿಂಗೆ? ಅಲ್ಲಿ ನಿಂತವನಲ್ಲ, ಅವನಾ? ಅವನು ಮುಖ ನೋಡಿದ್ನಾ? ಮೈ ಮುಟ್ಟಿದ್ನಾ? ನೋಡ್ದೆ ಮುಟ್ದೆ ಹೆಂಗ್ ಹೇಳ್ದ? ಕೇಳಿದ್ಯಾ ಅವನ್ನ? ಒಂದು ಮಾತಾದ್ರೂ ಕೇಳಿದ್ಯಾ?"

ಅವ್ವ ನಿಂತಳು. ತಿರುಗದೆಯೇ, ಗೇಟಿನಲ್ಲಿದ್ದವನಿಗೆ ಕೇಳುವ ಹಾಗೆ, "ಲೇ ಕೆಂಪ, ದೆವ್ವ ಇಂಗೆಲ್ಲ ವಾದ ಮಾಡ್ತದೇನ್ಲಾ?" ಎಂದಳು.

ಕೆಂಪಣ್ಣ ಗೇಟಿನ ಕಂಬ ಹಿಡಿದುಕೊಂಡ. ಅವ್ವ ತಿರುಗಿದಳು.

ಹತ್ತಿರ ಬಂದವಳು ಅಳಲಿಲ್ಲ. ಚೊಂಬು ಕೆಳಗಿಟ್ಟು ನನ್ನ ಕಾಲ್ಬೆರಳಿನಿಂದ ಶುರುಮಾಡಿ ಮುಟ್ಟಿ ನೋಡುತ್ತ ಬಂದಳು. ಪ್ಲಾಸ್ಟರು ಇನ್ನೂ ಹಸಿಯಿತ್ತು, ತಣ್ಣಗಿತ್ತು. ಅಲ್ಲಿಗೆ ಬಂದಾಗ ಕೈ ಹಿಂದೆಗೆದಳು. ಮತ್ತೆ ಇಟ್ಟಳು. ಕೆನ್ನೆ ಹಿಂಡಿದಳು. ಆದರೂ ಅನುಮಾನ ಹೋಗಲಿಲ್ಲ. ಅನುಮಾನದಲ್ಲಿ ನಾನು ಅವಳ ಮಗನೇ.

"ಏನಾರ ತಿನ್ನು, ನೋಡಾನ," ಎಂದಳು.

ತಂದ ಎಡೆ ಕೊಡುವ ಹಾಗಿಲ್ಲ. ಸಿಸ್ಟರು ಅಷ್ಟರಲ್ಲಿ ಓಡಿಬಂದಿದ್ದರು. ಅವರ ತಟ್ಟೆಯಲ್ಲಿ ಹಬ್ಬಕ್ಕೆಂದು ಒಳಗೆ ಸುಟ್ಟ ಸಿಹಿ ಬ್ರೆಡ್ಡಿತ್ತು. ಹೋಟೆಲಿನ ಕ್ಯಾರಿಯರು ಬರಲು ಇನ್ನೂ ಹೊತ್ತಿತ್ತು. ಅವ್ವ ತಟ್ಟೆ ನೋಡಿದಳು, ಸಿಸ್ಟರ ಮುಖ ನೋಡಿದಳು, ಒಂದು ಚೂರು ಮುರಿದು ತನ್ನ ಕೈಯಾರೆ ನನ್ನ ಬಾಯಿಗಿಟ್ಟಳು. ನಾನು ಅಗಿದು ನುಂಗುವವರೆಗೂ ಗಂಟಲು ನೋಡುತ್ತಿದ್ದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಸೆರಗು ಬಾಯಿಗೆ ತುಂಬಿಕೊಂಡಳು.

ತಿನ್ನಲು ಏನಿದೆ ಎಂದು ಕೇಳಿದ ಆ ಇನ್ನೊಬ್ಬನ ನೆನಪು ನನಗೆ ಬಾರದೆ ಇರಲಿಲ್ಲ. ಬಂತು. ಅದರಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಅದನ್ನು ಆಮೇಲೆ ಸೇರಿಸಿದ್ದು ಎಂದು ನಾನು ಹೇಳಿದ್ದು ತಪ್ಪು. ಸತ್ತವನೆಂದು ತಿಳಿದವನು ಎದುರು ಸಿಕ್ಕರೆ ಹೆತ್ತವರು ಮೊದಲು ಕೇಳುವುದೇ ಅದು.

ಉಳಿದದ್ದು ಆ ಚೊಂಬು. ಸತ್ತವರಿಗೆಂದು ಹೊರಟ ಹಾಲು ತುಪ್ಪ ವಾಪಸು ಮನೆಗೆ ಹೋಗಬಾರದು. ಅವ್ವ ಕಣ್ಣೊರೆಸಿಕೊಂಡು ಪಕ್ಕದ ಮಂಚ ನೋಡಿದಳು. "ಆ ಅಣ್ಣ ಎಲ್ಲವ್ನೆ?"

ಹೇಳಿದೆ. ಮಗನಿಗೆ ಸುದ್ದಿ ಹೋಗಿಲ್ಲ, ಮಣ್ಣು ಮಾಡಿ ಇವತ್ತಿಗೆ ಮೂರನೆಯ ದಿನ ಎಂದೂ ಹೇಳಿದೆ.

ಅವ್ವ ಎದ್ದಳು. ಸಿಸ್ಟರು, "ಅಮ್ಮಾ, ಸ್ವಾಮಿಗಳನ್ನು ಕೇಳಬೇಕಾಗುತ್ತದೆ," ಎಂದರು.

"ಕೇಳ್ಕ ಬನ್ನಿ ತಾಯಿ. ಅಷ್ಟ್ರಲ್ಲಿ ನಾನು ಬುಟ್ ಬತ್ತೀನಿ."

ಕನ್ನಡಿಯಲ್ಲಿ ಅವಳ ಬೆನ್ನು ಗುಡಿಯ ಮೂಲೆಯವರೆಗೂ ಕಂಡಿತು. ಆಮೇಲೆ ಕನ್ನಡಿ ತಲುಪದು. ಬಂದಾಗ ಚೊಂಬು ಬೋರಲಾಗಿ ಹಿಡಿದಿದ್ದಳು. "ಏನಾದ್ರೂ ಕಂಡಿತಾ?" ಎಂದು ಕೇಳಿದೆ, ಕುಹಕದಿಂದಲೇ.

"ಹಸಿ ಮಣ್ಣು, ಬ್ಯಾಗ ಕುಡ್ಕಂತು," ಎಂದಳು.

ನಾನು ಮುಂದಿನ ದೀಪಾವಳಿಗೆ ಎದ್ದೆ. ಮೈಸೂರಿನ ಡಾಕ್ಟರು ಹೇಳಿದ್ದ ‘ನೋಡೋಣ’ ನನ್ನ ಪಾಲಿಗೆ ಫಲಿಸಿತು, ಇನ್ನಾಸಪ್ಪನ ಪಾಲಿಗೆ ಇಲ್ಲ. ಯಾಕೆಂದು ನನ್ನನ್ನು ಕೇಳಬೇಡಿ. ಅದಕ್ಕೆ ಕಾರಣ ಹೇಳುವವರ ಮೇಲೆ ನನಗೆ ಇಂದಿಗೂ ಅನುಮಾನವೇ. ಬೆನ್ನಿನಲ್ಲಿ ಮುಷ್ಟಿ ಗಾತ್ರದ ಗೂನು ಉಳಿದಿದೆ. ನುಣ್ಣಗೆ ಏಳಲಿಲ್ಲ. ಅಪ್ಪ ಒಂದು ದಿನ ಮಾತಿಲ್ಲದೆ ಅದರ ಮೇಲೆ ಕೈಯಿಟ್ಟು ನೋಡಿದ. ಬ್ರೆಡ್ಡಿನ ವಿಚಾರ ಅವನಿಗೆ ಇನ್ನೂ ಗೊತ್ತಿಲ್ಲ.

ಯುದ್ಧ ಮುಗಿದು ಒಂದು ವರ್ಷವಾದ ಮೇಲೆ ಸಿಸ್ಟರ ಕಾಗದ ಬಂತು. ಇನ್ನಾಸಪ್ಪನವರ ಮಗ ಬಂದಿದ್ದಾರೆ, ಸಾಕ್ಷಿಯನ್ನು ಕೇಳುತ್ತಿದ್ದಾರೆ ಎಂದು ಬರೆದಿದ್ದರು. ಬಸ್ಸು ಹತ್ತಿ ಹೋದೆ. ಚೌರಪ್ಪ ಸಮಾಧಿಯ ಹತ್ತಿರ ನಿಂತಿದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಪಟಾಲಮ್ಮಿನ ಬೂಟು, ಎಡಗೈಯಲ್ಲಿ ಎರಡು ಬೆರಳಿರಲಿಲ್ಲ.

"ಹೆದ್ರಿದ್ರಾ?" ಎಂದು ಮೊದಲೇ ಕೇಳಿದ.

"ಹೆದರಿದ್ದರು," ಎಂದೆ. ಗುರುವಾರದ ಮಾತು ಇದ್ದ ಹಾಗೆ ಹೇಳಿದೆ. ಕೊನೆಯ ಗಳಿಗೆಯನ್ನು ನಾನು ಕಂಡಿಲ್ಲ, ಯಾರೂ ಕಂಡಿಲ್ಲ ಎಂದೂ ಹೇಳಿದೆ. ಅವ್ವ ಬಿಟ್ಟ ಹಾಲು ತುಪ್ಪದ ವಿಚಾರಕ್ಕೆ ಬಂದಾಗ ಅವನ ಮುಖ ಸಡಿಲವಾಯಿತು. "ನಮ್ಮಜ್ಜೀನೂ ಬುಡ್ತಿದ್ಲು," ಎಂದ. "ಸ್ವಾಮ್ಯೋರ್ಗೆ ಕಾಣ್ದಂಗೆ."

ಆಮೇಲೆ, ನಾನು ಎರಡು ವರ್ಷದಿಂದ ಕಾಯುತ್ತಿದ್ದ ಪ್ರಶ್ನೆ. "ಗಂಟೆ?"

ಉತ್ತರವನ್ನು ಬಸ್ಸಿನಲ್ಲಿ ಹತ್ತು ಸಲ ಕಟ್ಟಿದ್ದೆ, ಒಡೆದಿದ್ದೆ. ಅರ್ಧ ಸತ್ಯವನ್ನು ಪೂರ್ತಿ ಸತ್ಯದ ಹಾಗೆ ಹೇಳುವುದು ನನಗೆ ಬರುವ ವಿದ್ಯೆ, ಅದಕ್ಕೆ ಬಹುಮಾನವೂ ತೆಗೆದುಕೊಂಡಿದ್ದೇನೆ. "ಶನಿವಾರ ಹೊಡೆದರು," ಎಂದೆ. "ಬಹಳ ಹೊತ್ತು."

"ಅಪ್ಪ ಹೋದದ್ದು ಯಾವತ್ತು?"

"ಶುಕ್ರವಾರ."

ಅವನು ಅವರ ಮನೆಯಲ್ಲಿ ಹುಟ್ಟಿದವನು. ಶುಕ್ರವಾರ ಗಂಟೆಯಿಲ್ಲ, ಶನಿವಾರದ ಗಂಟೆ ಯಾರಿಗೆ ಎಂದು ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆರಳಿಲ್ಲದ ಕೈಯಿಂದ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಆ ಗಂಟೆ ಎಲ್ಲಾರ್ಗೂ ಸೇರಿಸೇ ಹೊಡ್ಯೋದು," ಎಂದ. "ಅಪ್ಪಂಗೂ ಸೇರ್ತು."

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಒಳ್ಳೆಯ ಉತ್ತರ, ಎರಡೇ ವಾಕ್ಯದ್ದು. ನಿಂತು ನಿಂತು ಬೆನ್ನು ನೋಯುತ್ತಿತ್ತು. ಅವನು ಕೈ ಕೊಟ್ಟ. ಹಿಡಿದುಕೊಂಡು, ಇಬ್ಬರೂ ಗೇಟಿನ ಕಡೆ ನಡೆದೆವು.